ಬರೋಲೋ ದ್ರಾಕ್ಷಾಮದ್ಯದ ಗುಣಪರೀಕ್ಷೆ

ಇಟಲಿ ದೇಶದ ವಾಯವ್ಯ ಭಾಗದಲ್ಲಿ ಪೀಡ್‌ಮಾಂಟ್ ಎಂಬ ಸೀಮೆಯಿರುವುದು. ಅಲ್ಲಿನ ಆಲ್ಬಾ ಪಟ್ಟಣದ ಸಮೀಪದಲ್ಲಿ, ಸುಣ್ಣದ ಅಂಶವುಳ್ಳ ಜೇಡಿಮಣ್ಣಿನ ಗುಡ್ಡಗಳ ಇಳಿಜಾರಿನಲ್ಲಿ, ನೆಬ್ಬಿಯೋಲೋ ಎಂಬ ಕಪ್ಪು ದ್ರಾಕ್ಷಿಯನ್ನು ಬೆಳೆದು, ಅದರಿಂದ ಬರೋಲೋ ಎಂಬ ಕೆಂಪು ಮದ್ಯವನ್ನು ತಯಾರಿಸುವರು. ಸಣ್ಣ ತೋಟಗಳ ಒಡೆಯರು ಹಿಂದೆ ಬಹುಮಟ್ಟಿಗೆ ಹಣ್ಣನ್ನು ವರ್ತಕರಿಗೆ ಮಾರಿಬಿಡುತ್ತಿದ್ದರು. 1960ರ ದಶಕದಿಂದೀಚೆಗೆ ಅವರಲ್ಲಿ ಹಲವರು ತಾವೇ ಮದ್ಯವನ್ನು ತಯಾರಿಸಿ, ಸೀಸೆಗಳಿಗೆ ತಮ್ಮ ಹೆಸರಿನ ಚೀಟಿಯನ್ನು ಅಂಟಿಸಿ ಮಾರತೊಡಗಿದರು. ಇಂಥ ಸೀಸೆಯನ್ನು ಪರೀಕ್ಷಿಸುವ ಕ್ರಮವನ್ನು ಅರಿತರೆ, ತೋಟದಲ್ಲಿ ಮಾಡಿದ ಕೆಲಸದ ಒಳಿತು ಕೆಡಕುಗಳು ಸರಕಿನಲ್ಲಿ ಹೇಗೆ ತೋರುವುವೆಂಬುದು ವಿಶದವಾಗುವುದು.

ಮೊದಲನೆಯದು ಬಣ್ಣ. ಗಾಜಿನ ಬಟ್ಟಲಿಗೆ ಮೂರನೆಯ ಒಂದು ಭಾಗದಷ್ಟು ಸುರಿದು, ಬಿಳಿಯ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು ನೋಡಬೇಕು. ನೆಬ್ಬಿಯೋಲೋ ಹಣ್ಣಿನ ಮದ್ಯವು ಸ್ವಭಾವತಃ ತೆಳುಗೆಂಪು. ಹಳೆಯದಾದಂತೆ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗುವುದು. ಇದಕ್ಕೆ ಬೇರೆ ಜಾತಿಯ ಹಣ್ಣನ್ನು ಬೆರೆಸಲು ಕಾನೂನಿನಲ್ಲಿ ಅವಕಾಶವಿಲ್ಲವಾದ ಕಾರಣ, ಬಣ್ಣವು ಅತಿ ಗಾಢವಾಗಿದ್ದರೆ ಪರೀಕ್ಷಕರು ಸಂಶಯಪಡುವರು.

ಎರಡನೆಯದು ವಾಸನೆ. ಬಟ್ಟಲನ್ನು ಮೆಲ್ಲಗೆ ತಿರುಗಿಸಿ ಮೂಸಿದರೆ ಒಣಗಿದ ಗುಲಾಬಿಯ ಮತ್ತು ಡಾಂಬರಿನ ವಾಸನೆಗಳು ಕೂಡಿ ಬರುವುವು. ಹುಳಿಕಾಡಿಯ ಘಾಟು ಬಂದರೆ ಪೀಪಾಯಿಯಲ್ಲಿ ಗಾಳಿ ಸೇರಿ ಕೆಟ್ಟಿರಬಹುದು. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷವಿರಬಹುದು.

ಮೂರನೆಯದು ರುಚಿ. ತೊಗಲನ್ನು ಹದಮಾಡಲು ಬಳಸುವ ತಂಗಡಿಯ ಚಕ್ಕೆಯಲ್ಲಿರುವಂಥ ಒಗರೇ ಇದರಲ್ಲಿಯೂ ಪ್ರಬಲವಾಗಿರುವುದು. ಅದು ಹಣ್ಣಿನ ಸಿಪ್ಪೆ ಬೀಜಗಳಿಂದ ಬರತಕ್ಕದ್ದು. ಬಲಿಯದ ಹಣ್ಣನ್ನು ಕೊಯ್ದರೆ ಒಗರು ಒರಟಾಗುವುದು. ಆದ್ದರಿಂದ ಬೆಳೆಗಾರರು ಮಳೆಯ ಭಯವಿದ್ದರೂ ಸಾಮಾನ್ಯವಾಗಿ ಅಕ್ಟೋಬರ್ ತಿಂಗಳವರೆಗೆ ಕಾಯುವರು. ಒಗರು ಮೆತ್ತಗಾಗಲೆಂದು ಮದ್ಯವನ್ನು 38 ತಿಂಗಳಿಗೆ ಕಡಮೆಯಿಲ್ಲದಂತೆ, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ, ಇಡಬೇಕೆಂದು ನಿಬಂಧನೆಯುಂಟು. ಪರೀಕ್ಷಕರು ಬುದ್ಧಿ ಮಂಕಾಗದಂತೆ ರುಚಿ ನೋಡಿದ ಮೇಲೆ ಉಗುಳಿಬಿಡುವರು.

ಆದರೆ ನಾಲಿಗೆಯೊಂದನ್ನೇ ನಂಬತಕ್ಕದ್ದಲ್ಲ. 1986ರಲ್ಲಿ ಇಟಲಿಯಲ್ಲಿ ಅಗ್ಗದ ಮದ್ಯಕ್ಕೆ ಮೆಥನಾಲ್ ಎಂಬ ವಿಷವನ್ನು ಬೆರೆಸಿದ್ದರಿಂದ ಇಪ್ಪತ್ತಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಆ ವಿಷವು ರುಚಿಯಿಂದ ತಿಳಿಯಬರುವುದಿಲ್ಲ. ಕೆಲವರ ದುರಾಶೆಯಿಂದ ದೇಶದ ಮದ್ಯವೆಲ್ಲವೂ ಅಪನಂಬಿಕೆಗೆ ಗುರಿಯಾಗಿ, ಪ್ರಾಮಾಣಿಕ ಬೆಳೆಗಾರರೂ ನಷ್ಟಪಟ್ಟರು. ಬರೋಲೋ ಮದ್ಯವನ್ನು ರಾಸಾಯನಿಕ ಪರೀಕ್ಷೆಗೂ ಪರೀಕ್ಷಕ ಮಂಡಲಿಯ ರುಚಿಪರೀಕ್ಷೆಗೂ ಒಳಪಡಿಸಿ, ಸೀಸೆಗೆ ಸಂಖ್ಯೆಯುಳ್ಳ ಮುದ್ರೆಯನ್ನು ಹಚ್ಚಿದ ಮೇಲೆಯೇ ಮಾರಬೇಕಾಗಿರುವುದು.

ನಮ್ಮ ಕೊಡಗಿನ ಕಿತ್ತಳೆಗೂ ನಂಜನಗೂಡಿನ ರಸಬಾಳೆಗೂ ಊರಿನ ಹೆಸರಿನ ರಕ್ಷಣೆಯು ಕಾನೂನಿನಿಂದ ದೊರೆತಿರುವುದು. ಒಬ್ಬನು ಕಳಪೆ ಹಣ್ಣನ್ನು ಆ ಹೆಸರಿನಲ್ಲಿ ಮಾರಿದರೆ ಊರಿಗೆಲ್ಲ ಹಾನಿಯೆಂಬುದನ್ನು ಜಮೀನುದಾರರೂ ಗ್ರಾಮದ ಮುಖಂಡರೂ ಮನಗಾಣಬೇಕು.