ಕೆಲಸದ ಜಾಗದಲ್ಲಿ ಬಿದ್ದರೆ ಹಾಗಂತಲೇ ಹೇಳಿ

ಅಣ್ಣಿಗೇರಿಯಿಂದ ಗೌಂಡಿ ಕೆಲಸಕ್ಕೆ ಹೋಗುವ ಅಕ್ಕ-ತಂಗಿಯರೇ,

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅದು ನಾಡಿಗೆಲ್ಲ ಗೊತ್ತಾಯಿತು. ಆದರೆ ಬುಟ್ಟಿ ಹೊತ್ತ ಒಬ್ಬಾಕೆ ನಿಚ್ಚಣಿಕೆಯಿಂದ ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. “ಮನ್ಯಾಗ ಜಾರಿ ಬಿದ್ದೆ ಅಂತ ಹೇಳು, ಖರ್ಚು ನಾ ನೋಡ್ಕೋತೀನಿ” ಎನ್ನುವ ಗುತ್ತೇದಾರರುಂಟು. ಒಪ್ಪಬೇಡಿ. ದವಾಖಾನೆಯ ಚೀಟಿಯಲ್ಲಿ ಹಾಗೆ ಬರೆದುಬಿಟ್ಟರೆ ಮುಂದೆ ಪರಿಹಾರ ಕೇಳುವುದು ಬಹಳ ಕಷ್ಟ. ಖರ್ಚು ಕೊಡುವವ ಎರಡು ವಾರ ಕೊಟ್ಟಾನು, ಮುರಿದ ಸೊಂಟ ಜೀವನಪೂರ್ತಿ ಇರುತ್ತದೆ!

ಕೆಲಸದಲ್ಲಿ ಬಿದ್ದದ್ದೆಂದು ವೈದ್ಯರಿಗೆ ಹೇಳಿ ಎಂ.ಎಲ್.ಸಿ. ಮಾಡಿಸಿ, ಅಂದರೆ ದವಾಖಾನೆಯವರು ಪೊಲೀಸರಿಗೆ ತಿಳಿಸುತ್ತಾರೆ. ಜಾಗ, ವೇಳೆ, ಗುತ್ತೇದಾರ ಮತ್ತು ನೋಡಿದವರ ಹೆಸರು ಅಂದೇ ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಬೆನ್ನು, ಕುತ್ತಿಗೆ ನೋವೆಂದರೆ ಕೈಕಾಲು ಹಿಡಿದು ಎತ್ತಬೇಡಿ, 108ಕ್ಕೆ ಫೋನ್ ಮಾಡಿ.

ಹೆಲ್ಮೆಟ್ ಕೇಳಿ ಪಡೆಯಿರಿ. ಮಿಕ್ಸರ್ ಹತ್ತಿರ ಸೆರಗನ್ನು ಬಿಗಿಯಾಗಿ ಸಿಕ್ಕಿಸಿ.

ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವಯಸ್ಸಿನವರು ಕಾರ್ಮಿಕ ಮಂಡಳಿಯ ಕಾರ್ಡ್ ಮಾಡಿಸಬಹುದು. ಗಂಡನ ಕಾರ್ಡ್ ಇದ್ದರೂ ನಿಮ್ಮದು ಬೇರೆ ಬೇಕು. ಬರುವ ವಾರದ ಸಭೆಯಲ್ಲಿ ಯಾರ ಹತ್ತಿರ ಇಲ್ಲವೆಂದು ಪಟ್ಟಿ ಮಾಡಿ.