ಹಳೇ ಪ್ಲೇಟುಗಳಿಗೆ ವಾಲ್ವ್ ಸೆಟ್ಟೇ ಬೇಕೆ?

ಅಟ್ಟದ ಮೇಲೋ ಬೀರುವಿನ ತಳದಲ್ಲೋ ಹಾಡಿನ ಪ್ಲೇಟುಗಳ ಒಂದು ಕಟ್ಟು ಇನ್ನೂ ಎಷ್ಟೋ ಮನೆಗಳಲ್ಲಿ ಉಳಿದಿದೆ. ಮಾವನವರು ಕೊಂಡ ಗಂಗೂಬಾಯಿ ಹಾನಗಲ್, ತವರಿನಿಂದ ಬಂದ ಕಾಳಿಂಗರಾವ್ ಭಾವಗೀತೆ. ಗುಜರಿಗೆ ಹಾಕಲು ಮನಸ್ಸು ಬಾರದು, ಕೇಳೋಣವೆಂದರೆ ಸೆಟ್ಟಿಲ್ಲ. ಈಚೆಗೆ ಮಕ್ಕಳಿಗೇ ಇದರ ಹುಚ್ಚು ಹಿಡಿದಿದೆ. "ಅಮ್ಮಾ, ವಾಲ್ವ್ ಆಂಪ್ಲಿಫೈಯರ್ ತರೋಣ, ಪ್ಲೇಟನ್ನ ಅದರಲ್ಲೇ ಕೇಳ್ಬೇಕು" ಅಂತಾರೆ. "ಆ ದುಡ್ಡಿಗೆ ಫ್ರಿಜ್ಜೇ ಬರುತ್ತಲ್ಲೋ" ಅಂತೀವಿ ನಾವು. ಬೇಡ ಅನ್ನುವ ಮೊದಲು, ಹೂಂ ಅನ್ನುವ ಮೊದಲೂ, ಅದೇನೆಂದು ತಿಳಿದುಕೊಂಡರೆ ಒಳ್ಳೆಯದಲ್ಲವೇ?

ವಾಲ್ವ್ ಎಂದರೇನು?

ನಮ್ಮ ಚಿಕ್ಕಂದಿನ ದೊಡ್ಡ ರೇಡಿಯೋ ನೆನಪಿದೆಯೇ? ಗುಂಡಿ ತಿರುಗಿಸಿದ ಮೇಲೆ ಕಾದು ಕೂತರೆ ತಾನೇ ಹಾಡು! ಅದರೊಳಗೆ ಮಂದವಾಗಿ ಉರಿಯುತ್ತಿದ್ದ ಗಾಜಿನ ಬುರುಡೆಗಳೇ ವಾಲ್ವ್‌ಗಳು. ಗಾಳಿ ತೆಗೆದ ಗಾಜಿನೊಳಗೆ ಒಂದು ಲೋಹದ ಕೊಳವೆ ಕಾದಾಗ ಅದರಿಂದ ಎಲೆಕ್ಟ್ರಾನುಗಳು ಹೊರಬಿದ್ದು ಎದುರಿನ ತಗಡಿಗೆ ಹರಿಯುತ್ತವೆ. ನಡುವೆ ಒಂದು ಜಾಲರಿ ಇದೆ. ಹಾಡಿನ ಪುಟ್ಟ ವಿದ್ಯುತ್ತನ್ನು ಆ ಜಾಲರಿಗೆ ಕೊಟ್ಟರೆ, ನಲ್ಲಿಯ ತಿರುಪಿನ ಹಾಗೆ ಅದು ದೊಡ್ಡ ಹರಿವನ್ನು ಏರಿಸಿ ಇಳಿಸುತ್ತದೆ. ಇಂಥ ವಾಲ್ವನ್ನು 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಮಾಡಿದರು. ನಮ್ಮ ಬೆಂಗಳೂರಿನಲ್ಲಿ 1954ರಲ್ಲಿ ಹುಟ್ಟಿದ ಬಿ.ಇ.ಎಲ್. ಕಾರ್ಖಾನೆಯೂ 1960ರ ದಶಕದಲ್ಲಿ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ಆಮೇಲೆ ಟ್ರಾನ್ಸಿಸ್ಟರ್ ಬಂತು, ವಾಲ್ವ್ ಮೂಲೆ ಸೇರಿತು. ಹಾಡು ಕೇಳುವವರ ಆಸೆಗಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ ಇಂದಿಗೂ ಹೊಸದಾಗಿ ಮಾಡುತ್ತಾರೆ.

ನಡುವೆ ಈ ಫೋನೋ ಸ್ಟೇಜ್ ಯಾಕೆ?

ಪ್ಲೇಟಿನ ಗೆರೆಯಲ್ಲಿ ಮುಳ್ಳು ಓಡುವಾಗ ಹುಟ್ಟುವ ವಿದ್ಯುತ್ತು ತೀರಾ ಅಲ್ಪ. ಈಗ ಹೆಚ್ಚು ಬಳಕೆಯಲ್ಲಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಿಂದ ಬರುವುದು ಒಂದು ವೋಲ್ಟಿನ ಸಾವಿರದಲ್ಲಿ ನಾಲ್ಕೈದು ಪಾಲು, ಅಷ್ಟೆ. ಅದನ್ನು ಮೊದಲು ಸುಮಾರು ನೂರು ಪಟ್ಟು ಹೆಚ್ಚಿಸಬೇಕು.

ಇನ್ನೊಂದು ಕೆಲಸವೂ ಇದೆ. ಪ್ಲೇಟು ಕೊರೆಯುವಾಗ ಮಂದ್ರದ ಸದ್ದನ್ನು ಕುಗ್ಗಿಸಿರುತ್ತಾರೆ. ಇಲ್ಲದಿದ್ದರೆ ಗೆರೆ ಅಗಲವಾಗಿ, ಪ್ಲೇಟಿನಲ್ಲಿ ಅಷ್ಟು ಹಾಡು ಹಿಡಿಸದು. ತಾರದ ಸದ್ದನ್ನು ಬೇಕೆಂದೇ ಹೆಚ್ಚಿಸಿರುತ್ತಾರೆ. ಕೇಳುವಾಗ ಇದನ್ನು ತಿರುಗಾ ಮುರುಗಾ ಮಾಡಬೇಕು. ಆಗ ಮಂದ್ರ ತುಂಬಿ ಬರುತ್ತದೆ, ತಾರವನ್ನು ತಗ್ಗಿಸುವಾಗ ಅದರ ಜೊತೆಗೇ ಪ್ಲೇಟಿನ 'ಸರ್' ಸದ್ದೂ ತಗ್ಗುತ್ತದೆ. ಸಂಡಿಗೆಯನ್ನು ಒಣಗಿಸಿ ಡಬ್ಬಕ್ಕೆ ತುಂಬಿಟ್ಟು, ಬೇಕಾದಾಗ ಎಣ್ಣೆಯಲ್ಲಿ ಅರಳಿಸಿದ ಹಾಗೆ ಅನ್ನಿ! ಈ ಲೆಕ್ಕಕ್ಕೆ ಆರ್.ಐ.ಎ.ಎ. ಎಂದು ಹೆಸರು, 1954ರಿಂದ ಬಂದದ್ದು.

ಹಳೆಯ ಸೂಟ್‌ಕೇಸ್ ಮಾದರಿಯ ಪ್ಲೇಯರುಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತಿತ್ತು. ಅದು ತಾನೇ ಜೋರಾಗಿ ಕೊಡುವುದರಿಂದ ಫೋನೋ ಸ್ಟೇಜ್ ಬೇಕಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮಲ್ಲಿರುವುದು ಯಾವುದೆಂದು ನೋಡಿಕೊಳ್ಳಿ.

ವಾಲ್ವ್ ಫೋನೋ, ಟ್ರಾನ್ಸಿಸ್ಟರ್ ಫೋನೋ

ಒಗ್ಗರಣೆ ಸೀದರೆ ಇಡೀ ಸಾರೇ ಸೀದ ವಾಸನೆ, ಅಲ್ಲವೇ? ಫೋನೋ ಸ್ಟೇಜೂ ಹಾಗೇ. ಇಲ್ಲಿ ಸೇರಿದ ಗುಂಯ್‌ಗುಟ್ಟುವಿಕೆ ಮುಂದೆಲ್ಲ ದೊಡ್ಡದಾಗುತ್ತ ಹೋಗುತ್ತದೆ.

ವಾಲ್ವ್ ಫೋನೋಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇ.ಸಿ.ಸಿ. 83 ಎಂಬ ಪುಟ್ಟ ವಾಲ್ವ್. ಅಮೆರಿಕದವರು ಇದನ್ನೇ 12ಎಎಕ್ಸ್7 ಅನ್ನುತ್ತಾರೆ. ಚೆನ್ನಾಗಿ ಮಾಡಿದ್ದಾದರೆ ಕೊರಳಿನ ದನಿ ತುಂಬಿಕೊಂಡು, ಮೃದುವಾಗಿ ಕೇಳುತ್ತದೆ. ಅಗ್ಗಕ್ಕೆ ಮಾಡಿದ್ದಾದರೆ ಹಾಡಿಗಿಂತ ಗುಂಯ್ ಸದ್ದೇ ಮುಂದು. ಕೆಲವು ವಾಲ್ವ್‌ಗಳನ್ನು ಬೆರಳಿನಿಂದ ತಟ್ಟಿದರೆ ಸ್ಪೀಕರಿನಲ್ಲಿ 'ಟಿಣ್' ಅನ್ನುತ್ತದೆ. ಅಂಥದ್ದನ್ನು ಬದಲಿಸಿ ಕೊಡಲು ಕೇಳಿ.

ಟ್ರಾನ್ಸಿಸ್ಟರ್ ಫೋನೋ ಸದ್ದಿಲ್ಲದ್ದು, ಚಿಕ್ಕದು, ಅಗ್ಗವೂ ಹೌದು. ಮೂವಿಂಗ್ ಕಾಯಿಲ್ ಎಂಬ ಇನ್ನೂ ಸೂಕ್ಷ್ಮವಾದ ಕಾರ್ಟ್ರಿಜ್ ಇದ್ದರಂತೂ ಇದೇ ಸಲೀಸು. ವಾಲ್ವ್ ಫೋನೋಗೆ ಅದನ್ನು ಜೋಡಿಸಲು ಸಾಮಾನ್ಯವಾಗಿ ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ, ಅದಕ್ಕೆ ಬೇರೆ ಖರ್ಚು.

ಆಂಪ್ಲಿಫೈಯರ್ ಆರಿಸುವಾಗ

ಇದರಲ್ಲಿ ಎರಡು ಜಾತಿ. ಒಂದು, ಸ್ಪೀಕರನ್ನು ನಡೆಸಲು ಒಂದೇ ವಾಲ್ವ್ ದುಡಿಯುವ ಸಿಂಗಲ್ ಎಂಡೆಡ್. 300ಬಿ ಎಂಬ ಹೆಸರಾಂತ ವಾಲ್ವಿನಲ್ಲೂ ಇದರ ಶಕ್ತಿ ಸುಮಾರು 8 ವ್ಯಾಟ್ ಮಾತ್ರ. ಇದು ಮೂಲ ಸ್ವರಕ್ಕೆ ಮೇಲಿನ ಸ್ಥಾಯಿಯ ಅದೇ ಸ್ವರವನ್ನು ಚೂರೇ ಚೂರು ಬೆರೆಸುತ್ತದೆ, ಷಡ್ಜಕ್ಕೆ ತಾರಷಡ್ಜ ಸೇರಿದ ಹಾಗೆ. ಲೆಕ್ಕದಲ್ಲಿ ಅದು ದೋಷವೇ. ಆದರೆ ಕಿವಿಗೆ ಹಿತವಾಗಿರುವುದರಿಂದ ಜನ ಮೆಚ್ಚುತ್ತಾರೆ.

ಇನ್ನೊಂದು, ಎರಡು ವಾಲ್ವ್‌ಗಳು ಒನಕೆ ಕುಟ್ಟುವವರಂತೆ ಸರದಿಯಲ್ಲಿ ದುಡಿಯುವ ಪುಷ್‌ಪುಲ್. ಇ.ಎಲ್. 84 ವಾಲ್ವಿನ ಜೋಡಿ 10ರಿಂದ 15 ವ್ಯಾಟ್ ಕೊಡುತ್ತದೆ. ಇ.ಎಲ್. 34 ಜೋಡಿ 30 ವ್ಯಾಟ್ ದಾಟುತ್ತದೆ, ಕಾವೂ ಹೆಚ್ಚು, ಕರೆಂಟೂ ಹೆಚ್ಚು. ಮನೆಯ ಸಾಧಾರಣ ಹಾಲಿಗೆ, ಹಾಡುಗಾರಿಕೆ, ಪಿಟೀಲು, ಭಾವಗೀತೆ ಕೇಳುವವರಿಗೆ ಇ.ಎಲ್. 84 ಧಾರಾಳ ಸಾಕು. ಸ್ಪೀಕರ್ ಮಾತ್ರ 90 ಡೆಸಿಬೆಲ್ ಅಥವಾ ಮೇಲಿನ ಸೆನ್ಸಿಟಿವಿಟಿ ಇರುವುದನ್ನು ಕೇಳಿ ತನ್ನಿ. ಇಲ್ಲವಾದರೆ ಹಾಡು ಉಸಿರು ಕಟ್ಟಿದ ಹಾಗಿರುತ್ತದೆ.

ಎರಡನ್ನೂ ವಾಲ್ವಿನದೇ ಕೊಳ್ಳಬೇಕೆಂಬ ನಿಯಮವೇನಿಲ್ಲ. ಒಳ್ಳೆಯ ಟ್ರಾನ್ಸಿಸ್ಟರ್ ಫೋನೋ, ಅದರ ಮುಂದೆ ಇ.ಎಲ್. 84 ಆಂಪ್ಲಿಫೈಯರ್. ಗುಂಯ್ ಸದ್ದಿಲ್ಲ, ದನಿಯ ಮೃದುತ್ವವೂ ಸಿಕ್ಕಿತು. ನನ್ನ ಕಿವಿಗೆ ಈ ಜೋಡಿಯೇ ಹಿತ. ಮನೆಯಲ್ಲಿ ಆಗಲೇ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಇದ್ದರೆ ವಾಲ್ವ್ ಫೋನೋ ಒಂದನ್ನೇ ಸೇರಿಸಿ ನೋಡುವುದೂ ಜಾಣತನ.

ದುಡ್ಡು ಮೊದಲು ಯಾವುದಕ್ಕೆ?

ಮಗನಿಗೆ ನೀವು ಹೇಳಬೇಕಾದ ಮಾತು ಇದು. ಮೊದಲು ಮುಳ್ಳು, ಆಮೇಲೆ ಸ್ಪೀಕರ್, ಆಮೇಲೆ ಫೋನೋ, ಕೊನೆಗೆ ವಾಲ್ವ್ ಆಂಪ್ಲಿಫೈಯರ್. ವಜ್ರದ ಮುಳ್ಳಿನ ಆಯಸ್ಸು ಸುಮಾರು 500ರಿಂದ 1000 ಗಂಟೆ. ಸವೆದ ಮುಳ್ಳು ಗೆರೆಯನ್ನೇ ಕೆತ್ತಿ ಹಾಕುತ್ತದೆ. ಒಮ್ಮೆ ಹೋದ ಗೆರೆ ಯಾವ ವಾಲ್ವಿನಿಂದಲೂ ಬರದು. ಸೆಟ್ಟು ಇಂದಲ್ಲ ನಾಳೆ ಕೊಳ್ಳಬಹುದು. ಅತ್ತೆಯವರು ಮೆಚ್ಚಿ ಕೇಳಿದ ಆ ಪ್ಲೇಟು ಮತ್ತೆ ಸಿಗುತ್ತದೆಯೇ?

ನೆನಪಿಡಿ

* ನಿಮಿಷಕ್ಕೆ 78 ಸುತ್ತಿನ ಅರಗಿನ ಪ್ಲೇಟಿಗೆ ಎಲ್.ಪಿ.ಯ ಮುಳ್ಳು ಸಲ್ಲದು. ಅದರ ಗೆರೆ ಅಗಲ, ದಪ್ಪ ಮುಳ್ಳೇ ಬೇಕು.

* ಅರಗಿನ ಪ್ಲೇಟನ್ನು ಸ್ಪಿರಿಟ್ಟಿನಿಂದ ಒರೆಸಲೇಬೇಡಿ, ಅರಗು ಕರಗುತ್ತದೆ. ಎಲ್.ಪಿ.ಗೆ ಡಿಸ್ಟಿಲ್ಡ್ ವಾಟರ್, ಒಂದು ತೊಟ್ಟು ಪಾತ್ರೆ ತೊಳೆಯುವ ದ್ರವ, ಮೆತ್ತನೆ ಬಟ್ಟೆ ಸಾಕು. ನಡುವಿನ ಚೀಟಿ ನೆನೆಯದಿರಲಿ.

* ಪ್ಲೇಟುಗಳನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಬೇಡಿ, ಬಿಸಿಲಿಗೆ ಇಡಬೇಡಿ.

* ವಾಲ್ವ್ ಆಂಪ್ಲಿಫೈಯರನ್ನು ಸ್ಪೀಕರ್ ಜೋಡಿಸದೆ ಹಾಕಬಾರದು. ಅದರ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

* ಅದರೊಳಗೆ 250–300 ವೋಲ್ಟ್, ಕೆಲವದರಲ್ಲಿ ಇನ್ನೂ ಹೆಚ್ಚು ವಿದ್ಯುತ್ ಇರುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೂ ಒಳಗೆ ಉಳಿದಿರಬಹುದು. ತಳದ ಮುಚ್ಚಳ ಬಿಚ್ಚುವುದು ಕಲಿತ ರಿಪೇರಿಯವರ ಕೆಲಸವೇ ಹೊರತು ನಮ್ಮದೂ ಅಲ್ಲ, ಮಕ್ಕಳದೂ ಅಲ್ಲ.

* ಉರಿಯುವ ವಾಲ್ವ್ ಕೈ ಸುಡುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಜಾಲರಿಯ ಮುಚ್ಚಳ ಇರುವುದನ್ನೇ ಕೊಳ್ಳಿ. ಮೇಲೆ ಕ್ರೋಷಾ ಬಟ್ಟೆ ಹೊದಿಸುವ ಆಸೆ ಬೇಡ!

* ವೋಲ್ಟೇಜ್ ಏರಿಳಿಯುವ ಊರಾದರೆ ಸ್ಟೆಬಿಲೈಸರ್ ಇರಲಿ. ಹಾಡು ಮುಗಿದ ಮೇಲೆ ಆರಿಸಿ. ಸುಮ್ಮನೆ ಉರಿದರೂ ವಾಲ್ವ್ ಸವೆಯುತ್ತದೆ, ಕರೆಂಟಿನ ಬಿಲ್ಲೂ ಏರುತ್ತದೆ.

ಕೊಳ್ಳುವ ಮೊದಲು ನಿಮ್ಮದೇ ಒಂದು ಪ್ಲೇಟನ್ನು ಸೆರಗಿನಲ್ಲಿ ಜೋಪಾನವಾಗಿ ಹಿಡಿದು ಅಂಗಡಿಗೆ ಹೋಗಿ. ನಿಮಗೆ ಬಾಯಿಪಾಠ ಬರುವ ಹಾಡನ್ನೇ ಎರಡು ಸೆಟ್ಟಿನಲ್ಲೂ ಹಾಕಿಸಿ, ಕಣ್ಣು ಮುಚ್ಚಿ ಕೇಳಿ. ಹಾಡುವವರು ಉಸಿರು ಎಳೆದುಕೊಂಡದ್ದು ಯಾವುದರಲ್ಲಿ ಕೇಳಿಸಿತೋ ಅದೇ ನಿಮ್ಮ ಸೆಟ್ಟು. ಅಂಗಡಿಯವನ ಮಾತು ಆಮೇಲೆ.