ತೊಗಲಪಟ್ಟಿಯ ಸುಕ್ಕು

ಕಠೋಪನಿಷತ್ತು ಸಾಧನೆಯ ಹಾದಿಯನ್ನು ಕ್ಷುರದ ಅಲಗಿಗೆ ಹೋಲಿಸಿದೆ. ಆ ಹೋಲಿಕೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದುಂಟು. ಆದರೆ ಆ ಅಲಗು ಹರಿತವಾಗಿ ಉಳಿಯುವುದು ಯಾವುದರಿಂದ ಎಂದು ಒಮ್ಮೆಯೂ ಯೋಚಿಸಿದವನಲ್ಲ. ನಿವೃತ್ತನಾದ ಮೇಲೆ ತಂದೆಯವರ ಟ್ರಂಕನ್ನು ತೆರೆದ ದಿನ ಆ ಪ್ರಶ್ನೆ ಎದುರಾಯಿತು. ಅದರೊಳಗೆ ಷೆಫೀಲ್ಡಿನಲ್ಲಿ ತಯಾರಾದ ಅವರ ಕ್ಷೌರದ ಕತ್ತಿ ಇತ್ತು. ಅದನ್ನು ತೀಡುವ ತೊಗಲಪಟ್ಟಿಯೂ ಇತ್ತು. 1981ರಲ್ಲಿ ಅವರು ತೀರಿಕೊಂಡಾಗ ಕತ್ತಿಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ ಜೋಪಾನವಾಗಿ ಇಟ್ಟವನು ನಾನೇ. ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಮೂಲೆಗೆ ತುರುಕಿದವನೂ ನಾನೇ. ಈಗ ಬಿಡಿಸಿದರೆ ಅದರ ಮೇಲೆ ಅಡ್ಡಲಾಗಿ ಮೂರು ಸುಕ್ಕುಗಳು.

ಸುಕ್ಕಿದ್ದರೆ ನಷ್ಟವೇನು ಎಂದು ಕೇಳುಗರು ಕೇಳಬಹುದು. ಕತ್ತಿಗೆ ಬಾಯಿ ಕೊಡುವುದು ಸಾಣೆಕಲ್ಲು. ಕಲ್ಲು ಉಕ್ಕನ್ನು ಸವೆಸುತ್ತದೆ. ತೊಗಲು ಅದನ್ನು ಸವೆಸುವುದು ಅತ್ಯಲ್ಪ. ಚೆನ್ನಾಗಿ ಮಸೆದ ಕ್ಷೌರದ ಕತ್ತಿಯ ಅಂಚು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ತೆಳು. ಒಂದು ಸಲ ಗಡ್ಡ ಹೆರೆದರೆ ಸಾಕು, ಆ ಅಂಚು ಅಲ್ಲಲ್ಲಿ ಓರೆಯಾಗುತ್ತದೆ. ಬೆನ್ನು ಮುಂದಾಗಿ, ಬಾಯಿ ಹಿಂದಾಗಿ ಕತ್ತಿಯನ್ನು ಪಟ್ಟಿಯ ಮೇಲೆ ಎಳೆದಾಗ ಓರೆಯಾದದ್ದು ನೆಟ್ಟಗಾಗಿ ಮೆರುಗು ಪಡೆಯುತ್ತದೆ. ಹಾದಿಯಲ್ಲಿ ಸುಕ್ಕಿನ ಏರು ಸಿಕ್ಕಿದರೆ ಅಂಚು ಅದನ್ನು ಹತ್ತಿ ಇಳಿಯಬೇಕು. ಹತ್ತಿಪ್ಪತ್ತು ಎಳೆತಗಳಲ್ಲಿ ಬಾಯಿ ಮೊಂಡಾಗುತ್ತದೆ. ಅದರ ಫಲವನ್ನು ಅನುಭವಿಸುವುದು ಕೆನ್ನೆ.

ತೊಗಲು ಬಟ್ಟೆಯಂತೆ ನೇಯ್ದದ್ದಲ್ಲ. ಅದು ಕೂದಲಿಗಿಂತ ಸೂಕ್ಷ್ಮವಾದ ಎಳೆಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡ ಹಂದರ. ತೊಗಟೆಯ ಒಗರಿನಲ್ಲಿ ಹದ ಮಾಡಿದಾಗ (ನಮ್ಮ ದಕ್ಷಿಣದಲ್ಲಿ ಇದಕ್ಕೆ ತಂಗಡಿಯ ತೊಗಟೆ ಬಹುಕಾಲ ಬಳಕೆಯಲ್ಲಿತ್ತು) ಆ ಎಳೆಗಳು ಕೊಳೆಯದೆ ಉಳಿಯುತ್ತವೆ. ಅವು ಒಂದರ ಮೇಲೊಂದು ಜಾರುವುದಕ್ಕೆ ಸ್ವಲ್ಪ ತೇವ, ಸ್ವಲ್ಪ ಜಿಡ್ಡು ಬೇಕು. ಎರಡೂ ಆರಿಹೋದ ತೊಗಲನ್ನು ಮಡಿಸಿದರೆ ಒಳಮಗ್ಗುಲಿನ ಎಳೆಗಳು ನಜ್ಜುಗುಜ್ಜಾಗುತ್ತವೆ, ಹೊರಮಗ್ಗುಲಿನವು ಹರಿಯುತ್ತವೆ. ನಜ್ಜಾದದ್ದನ್ನು ಸರಿಪಡಿಸಬಹುದು, ಹರಿದದ್ದನ್ನು ಆಗದು.

ಇಷ್ಟೆಲ್ಲ ಈಗ ಹೇಳುತ್ತಿರುವ ನಾನು ಮೊದಲು ಮಾಡಿದ್ದು ಶುದ್ಧ ಅವಿವೇಕ. ಪಂಚೆಯ ಸುಕ್ಕಿಗೆ ಯಾವ ಮದ್ದೋ ಇದಕ್ಕೂ ಅದೇ ಎಂದುಕೊಂಡು ಪಟ್ಟಿಯ ತುದಿಗೆ ನೀರು ಚಿಮುಕಿಸಿ ಇಸ್ತ್ರಿಪೆಟ್ಟಿಗೆಯನ್ನು ಒತ್ತಿದೆ. ತುದಿ ಕಣ್ಣೆದುರಿಗೇ ಮುರುಟಿ ಕೊರಡಿನಂತಾಯಿತು. ಒಗರಿನಿಂದ ಹದವಾದ ತೊಗಲು ಒದ್ದೆಯಾಗಿರುವಾಗ ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕುಗ್ಗಿಬಿಡುತ್ತದೆ. ಇಸ್ತ್ರಿಪೆಟ್ಟಿಗೆಯ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ನಮ್ಮ ಬೀದಿಯ ಹಿರಿಯ ಕ್ಷೌರಿಕರಿಗೆ ತೋರಿಸಿದೆ. ಅವರ ಅಂಗಡಿಯಲ್ಲೂ ಈಗ ಪ್ರತಿ ಗಿರಾಕಿಗೂ ಹೊಸ ಬ್ಲೇಡು ಹಾಕುವ ಕತ್ತಿಯೇ. ಆದರೂ ಪಟ್ಟಿಯನ್ನು ಕೈಗೆ ತೆಗೆದುಕೊಂಡ ರೀತಿಯಲ್ಲೇ ಹಳೆಯ ಪರಿಚಯ ಕಾಣುತ್ತಿತ್ತು. “ಮೇಷ್ಟ್ರೇ, ತೊಗಲು ತೇವ ತಡಕೊಳ್ಳುತ್ತೆ, ಬಿಸಿ ತಡಕೊಳ್ಳಲ್ಲ. ನಿಮಗೆ ಅವಸರ ಯಾಕೆ?” ಎಂದರು.

ಅವರು ಹೇಳಿಕೊಟ್ಟ ಕ್ರಮ ಹೀಗೆ. ಬೆನ್ನಿಗೆ ಜೋಡಿಸಿದ ಕ್ಯಾನ್ವಾಸನ್ನು ಮೊದಲು ಬಿಚ್ಚಿಡಬೇಕು. ಇಲ್ಲದಿದ್ದರೆ ಅದರ ನೇಯ್ಗೆ ತೇವದ ತೊಗಲಿನ ಮೇಲೆ ಅಚ್ಚೊತ್ತುತ್ತದೆ. ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಇಡೀ ಪಟ್ಟಿಯನ್ನು ಒರೆಸಬೇಕು. ಸುಕ್ಕಿಗೆ ಮಾತ್ರ ನೀರು ಮುಟ್ಟಿಸಿದರೆ ಸುತ್ತಲೂ ಕಲೆ ನಿಲ್ಲುತ್ತದೆ. ತೇವ ಒಳಗೆ ಇಳಿದ ಮೇಲೆ ಸಮತಟ್ಟಾದ ಕಲ್ಲಿನ ಮೇಲೆ ಹಾಸಿ, ದುಂಡನೆಯ ಗಾಜಿನ ಸೀಸೆಯನ್ನು ಒತ್ತಿ ಉದ್ದಕ್ಕೂ ಉರುಳಿಸಬೇಕು. ಬಳಿಕ ಎರಡು ಹಲಗೆಗಳ ನಡುವೆ ಬಿಳಿಯ ಬಟ್ಟೆಯೊಡನೆ ಇಟ್ಟು ಭಾರ ಹೇರಿ, ನೆರಳಿನಲ್ಲಿ ಎರಡು ದಿನ ಬಿಡಬೇಕು. ತೇವದ ತೊಗಲಿಗೆ ಕಬ್ಬಿಣ ತಾಗಕೂಡದು. ಒಗರೂ ಕಬ್ಬಿಣವೂ ಕೂಡಿದರೆ ಕಪ್ಪುಕಲೆಯಾಗುತ್ತದೆ. ಹಿಂದಿನವರು ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ನಾನು ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳನ್ನೂ ಹೇರಿದೆ. 1970ರಿಂದ 1995ರವರೆಗೆ ಹೊರಬಂದ ಆ ಸಂಪುಟಗಳಿಗಾಗಿ ವಿದ್ವಾಂಸರು ಪಟ್ಟ ಶ್ರಮದ ತೂಕ ನನಗೆ ಸರಿಯಾಗಿ ತಿಳಿದದ್ದು ಅಂದೇ.

ಒಂದೇ ಸಲಕ್ಕೆ ಆಗಲಿಲ್ಲ. ಮೂರು ಸಲ ಮಾಡಬೇಕಾಯಿತು. ಎರಡು ಸುಕ್ಕುಗಳು ಗೆರೆ ಮಾತ್ರವಾಗಿ ಉಳಿದವು. ಅವುಗಳ ಸಣ್ಣ ಏರನ್ನು ಅತಿ ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿದೆ. ಆಮೇಲೆ ಬೆನ್ನಿನ ಕಡೆಯಿಂದ ನಾಲ್ಕೈದು ಹನಿ ಎಣ್ಣೆ, ಅಷ್ಟೆ. ದನದ ಕಾಲಿನ ಎಲುಬನ್ನು ಬೇಯಿಸಿ ತೆಗೆಯುವ ನೀಟ್ಸ್‌ಫೂಟ್ ಎಣ್ಣೆ ಇದಕ್ಕೆ ಹೆಸರಾದದ್ದು. ಹೆಚ್ಚಾದರೆ ತೊಗಲು ಮೆತ್ತಗಾಗಿ ಧೂಳು ಹಿಡಿಯುತ್ತದೆ. ಮುಖಕ್ಕೆ ಅಂಗೈಯ ಜಿಡ್ಡೇ ಸಾಕು. ಹಿಂದೆ ಕ್ಷೌರಿಕರು ಕತ್ತಿ ತೀಡುವ ಮುನ್ನ ಪಟ್ಟಿಯ ಮೇಲೆ ಅಂಗೈಯಾಡಿಸುತ್ತಿದ್ದುದು ಬರಿಯ ಅಭ್ಯಾಸಬಲದಿಂದಲ್ಲ.

ಸುಕ್ಕು ಬಾರದಂತೆ ನೋಡಿಕೊಳ್ಳುವುದು ಇದರ ಹತ್ತರಲ್ಲೊಂದು ಪಾಲಿನ ಕೆಲಸ. ಬಿಸಿಲೂ ಗೋಡೆಯ ತೇವವೂ ತಾಗದ ಕಡೆ, ಮೊಳೆಗೆ ನೇರವಾಗಿ ತೂಗುಹಾಕಿದರಾಯಿತು. ಪ್ರಯಾಣಕ್ಕೆ ಸುತ್ತಲೇಬೇಕಾದರೆ ನಡುವೆ ಬಟ್ಟೆಯ ಸುರುಳಿ ಇಟ್ಟು, ನುಣುಪು ಮುಖ ಹೊರಗಿರುವಂತೆ ದೊಡ್ಡದಾಗಿ ಸುತ್ತಬೇಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಹಿಡಿಯುತ್ತದೆ. ತೀಡುವಾಗ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಜೋಲುಬಿಟ್ಟರೆ ಅಂಚು ದುಂಡಾಗುತ್ತದೆ. ಎಳೆತದ ಕೊನೆಯಲ್ಲಿ ಕತ್ತಿಯನ್ನು ಬೆನ್ನಿನ ಮೇಲೆ ಹೊರಳಿಸಬೇಕು. ಬಾಯಿಯ ಕಡೆಗೆ ಹೊರಳಿಸಿದರೆ ತೊಗಲಿಗೆ ಗಾಯ.

ನನ್ನ ಮೂರನೆಯ ಸುಕ್ಕು ಉಳಿದಿದೆ. ಮೇಲಿನ ಬಳೆಗೆ ಹತ್ತಿರವಿರುವ ಅಲ್ಲಿ ಎಳೆಗಳೇ ಹರಿದಿವೆ. ಎಷ್ಟು ಒತ್ತಿದರೂ ಬೆರಳಿಗೆ ಬಿರುಕು ಸಿಗುತ್ತದೆ. ಆ ಬಿರುಕಿಗೂ ಕೆಳಗೆ ನಾನು ಸುಟ್ಟ ತುದಿಗೂ ನಡುವೆ ಉಳಿದಿರುವ ಎರಡು ಗೇಣಿನಷ್ಟು ಜಾಗದಲ್ಲಿ ಈಗ ತಂದೆಯವರ ಕತ್ತಿಯನ್ನು ತೀಡುತ್ತೇನೆ.